ಅಂಗೈ ಹೇಳುವ ಸಾಕ್ಷಿ

ಕೊಟ್ಟೂರಿನ ನಮ್ಮ ಮಿಸ್ತ್ರಿಯವರ ತುಟಿಗಳ ಸುತ್ತ ಸದಾ ಒಂದು ಕರಿ ಉಂಗುರವಿರುತ್ತಿತ್ತು. ಇಂಜಿನ್ ಭಾಗಗಳಲ್ಲಿ ಎಣ್ಣೆ ಹರಿಯುವ ತೂತುಗಳಿಗೆ ಬಾಯಿ ಹಚ್ಚಿ ಊದಿ ಊದಿ ಬಂದ ಗುರುತು ಅದು. ಶುಕ್ರವಾರ ನಮಾಜಿಗೆ ಹೊರಡುವಾಗ ಸೋಪು ಹಚ್ಚಿ ತಿಕ್ಕಿಕೊಳ್ಳುತ್ತಿದ್ದರು; ಆಗಲೂ ಪೂರ್ತಿ ಹೋಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಟ್ಟಿಗಿಯಲ್ಲಿ ಶಾಲಾ ಮಾಸ್ತರ. ಅಪ್ಪ ಬಿಟ್ಟುಹೋದ, ನನಗಿಂತ ವಯಸ್ಸಾದ ಮೋಟಾರ್ ಸೈಕಲ್ಲೊಂದು ನನ್ನ ಪಾಲಿಗೆ ಬಂದಿತ್ತು. ಅದರ ಇಂಜಿನ್ ಬಿಚ್ಚುವ ಧೈರ್ಯ ಸುತ್ತಲಿನ ಊರುಗಳಲ್ಲಿ ಇವರೊಬ್ಬರಿಗೇ ಇತ್ತು. ಬಿಚ್ಚಿದ್ದನ್ನು ತೊಳೆಯುವುದರಲ್ಲಂತೂ ಮಡಿವಂತರನ್ನೂ ಮೀರಿಸಿದ ಮಡಿ. ಸೀಮೆಎಣ್ಣೆಯಲ್ಲಿ ಒಂದು ಸಲ, ಪೆಟ್ರೋಲಿನಲ್ಲಿ ಒಂದು ಸಲ. ಆಮೇಲೆ ಹಳೆಯ ಬಿಳಿ ಪಂಚೆಯಲ್ಲಿ ಒರೆಸಿ ನೋಡುವುದು. ಪಂಚೆಗೆ ಕಲೆ ಹತ್ತಿದರೆ ಮತ್ತೆ ಮೊದಲಿನಿಂದ.

ತೊಳೆಯುವ ದಿನ ಗಾಡಿಯ ಮಾಲೀಕ ಎದುರಿಗೆ ಕೂರಲೇಬೇಕು. ಅವನ ಅಂಗೈಗೆ ಪೆಟ್ರೋಲ್ ಸವರಿ ತೂತಿನ ಒಂದು ತುದಿಗೆ ಹಿಡಿಸಿ, ಇನ್ನೊಂದು ತುದಿಯಿಂದ ಇವರು ಊದುವರು. ಒದ್ದೆ ಅಂಗೈಗೆ ತಣ್ಣಗೆ ಗಾಳಿ ತಾಗಿದರೆ ದಾರಿ ಸ್ವಚ್ಛ. "ಗಾಡಿ ನಿಮ್ದು, ಸಾಕ್ಷಿನೂ ನೀವ ಹೇಳ್ರಿ" ಎನ್ನುತ್ತಿದ್ದರು.

ಒಂದು ಸಲ ನನಗೆ ಅವಸರ. ಮರುದಿನ ಹರಪನಹಳ್ಳಿಯಲ್ಲಿ ಹೆಣ್ಣು ನೋಡುವುದಿತ್ತು, ಮಿಸ್ತ್ರಿಗೂ ಹೇಳಿದ್ದೆ; ಹುಡುಗಿಯ ಮನೆಯ ಮುಂದೆ ಮೋಟಾರ್ ಸೈಕಲ್ಲಿನಿಂದಲೇ ಇಳಿಯಬೇಕೆಂಬ ಶೋಕಿ ಬೇರೆ. ಕೊನೆಯ ತೂತಿಗೆ ಊದಿ, "ಬಂತೇನ್ರಿ ಮಾಸ್ತರ?" ಎಂದರು. ಅಂಗೈಗೆ ಏನೂ ತಾಗಿರಲಿಲ್ಲ. ಇಲ್ಲವೆಂದರೆ ಇಡೀ ದಿನ ಮತ್ತೆ ತೊಳೆಯುತ್ತಾರೆ. ಬಂತು ಎಂದೆ. ನನ್ನ ಕೈಯನ್ನೇ ಒಂದು ಗಳಿಗೆ ನೋಡಿ, ಜೋಡಿಸತೊಡಗಿದರು.

ಮರುದಿನ ಅರ್ಧ ದಾರಿಯಲ್ಲಿ ಇಂಜಿನ್ ಕಚ್ಚಿಕೊಂಡು ನಿಂತಿತು. ಭಾವೀ ಅಳಿಯ ಮೇವು ಹೇರಿದ ಎತ್ತಿನ ಗಾಡಿಯ ಮೇಲೆ ಹೋಗಿ ಇಳಿದದ್ದಾಯಿತು. ಹುಡುಗಿ ಹೇಗೋ ಒಪ್ಪಿದಳು; ಆ ಮೇವಿನ ಕಥೆ ಹೇಳಿ ಇವತ್ತಿಗೂ ನಗುತ್ತಾಳೆ.

ಮಿಸ್ತ್ರಿ ಮತ್ತೆ ಬಿಚ್ಚಿದಾಗ, ಆ ತೂತಿನೊಳಗೆ ಅವರ ಪಂಚೆಯದೇ ದಾರದ ಎಳೆಯೊಂದು ಮುದ್ದೆಯಾಗಿ ಕೂತಿತ್ತು. ಎಣ್ಣೆ ಹರಿಯದೆ ಅಪ್ಪನ ಕಾಲದ ಪಿಸ್ಟನ್ ಹಾಳಾಗಿತ್ತು. ತಪ್ಪು ತನ್ನದೆಂದರು. ಅಷ್ಟಕ್ಕೇ ಬಿಡಲಿಲ್ಲ, ಮುಂದೆ ಬಂದ ಗಿರಾಕಿಗಳಿಗೆಲ್ಲ, "ಈ ಮಾಸ್ತರ ಗಾಡಿ ಕೆಡಿಸಿದವ ನಾನ" ಎಂದು ಹೇಳಿಯೇ ತೊಳೆಯಲು ಕೂರುತ್ತಿದ್ದರು. ನಾನು ಪಕ್ಕದಲ್ಲೇ ಕೂತು, ಅವರು ತರಿಸಿಕೊಟ್ಟ ಚಹಾ ಕುಡಿಯುತ್ತ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಮಕ್ಕಳಿಗೆ ಸತ್ಯ ಹೇಳಿರೆಂದು ಪಾಠ ಮಾಡುವವನು ನಾನು. ನಾಚಿಕೆಯಾಗುತ್ತಿತ್ತು, ಆದರೂ ಹೇಳಲಿಲ್ಲ.

ಏಳೆಂಟು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದರು. ನೋಡಲು ಹೋದವನು ಅಂದಿನ ಸುಳ್ಳನ್ನು ಒಪ್ಪಿಕೊಂಡೆ.

"ಗೊತ್ತೈತಿ. ಪೆಟ್ರೋಲ್ ಹಚ್ಚಿದ ಕೈಗೆ ಗಾಳಿ ತಾಗಿದ್ರ ಬೆರಳು ತಾವಾ ಮಡಚ್ಕೋತಾವ. ನಿಮ್ಮವು ಮಡಚಲಿಲ್ಲ."

ಮತ್ತೇಕೆ ಜೋಡಿಸಿದಿರಿ ಎಂದು ಕೇಳಿದೆ.

"ಹೆಣ್ಣು ನೋಡಾಕ ಹೊಂಟಿದ್ರಿ, ಬ್ಯಾಡ ಅನ್ನಾಕ ಮನಸಾಗಲಿಲ್ಲ. ಗೊತ್ತಿದ್ದೂ ಜೋಡಿಸಿದೆ. ಅದಕ್ಕ ತಪ್ಪು ನಂದು ಅಂದೆ."

ಮುಂದಿನ ತಿಂಗಳು ತೀರಿಕೊಂಡರು. ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಕೊನೆಯದಾಗಿ ಮುಖ ನೋಡಲು ಕರೆದರು. ತುಟಿಯ ಸುತ್ತಲಿನ ಕರಿ ಉಂಗುರವನ್ನು ಯಾರೋ ತಿಕ್ಕಿ ತೆಗೆದಿದ್ದರು. ಒಂದು ಗಳಿಗೆ ಗುರುತೇ ಹತ್ತಲಿಲ್ಲ. ಬಗ್ಗಿದವನು ನನಗೇ ತಿಳಿಯದೆ ಆ ಬಾಯಿಯ ಹತ್ತಿರ ಅಂಗೈ ಹಿಡಿದಿದ್ದೆ. ಬೆರಳು ಮಡಚಲಿಲ್ಲ.