ಗೇಟಿನಲ್ಲಿ ನಿಂತ ವರ್ನಾ

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದ ವರ್ನಾ ಹ್ಯಾಸ್ಲೆಟ್, ಮೂವತ್ತೆಂಟು ವರ್ಷ ಪ್ರತಿ ಚುನಾವಣೆಯಲ್ಲೂ ನಮ್ಮೂರ ಮತಗಟ್ಟೆಯಾದ ಶಾಲೆಯ ಗೇಟಿನಲ್ಲಿ ನಿಂತು, ಯಾರಿಗೆ ಮತ ಹಾಕಬೇಕೆಂದು ಹೇಳುವ ತನ್ನ ಪಕ್ಷದ ಚೀಟಿ ಹಂಚಿದವಳು. ಪಕ್ಷದ ಊರ ಶಾಖೆಗೆ ಅವಳೇ ಕಾರ್ಯದರ್ಶಿ. ಒಂದು ಕಾಲಕ್ಕೆ ಅಭ್ಯರ್ಥಿ ಯಾರೆಂದು ಆ ಶಾಖೆಯೇ ಕೈಯೆತ್ತಿ ತೀರ್ಮಾನಿಸುತ್ತಿತ್ತು. ಬರಬರುತ್ತಾ ಹೆಸರು ಮೆಲ್ಬರ್ನ್‌ನ ಕೇಂದ್ರ ಕಚೇರಿಯಿಂದಲೇ ಬರತೊಡಗಿತು; ಶಾಖೆಗೆ ಉಳಿದದ್ದು ಗೇಟು ಕಾಯುವ ಕೆಲಸ. ಸದಸ್ಯರು ಒಬ್ಬೊಬ್ಬರಾಗಿ ಕಳಚಿಕೊಂಡರು. ನಾನೂ ಬಿಟ್ಟೆ. ಊರವರು ಅಡುಗೆಮನೆಗಳಲ್ಲಿ ಕೂತು ಮಾತಾಡಿ ಆರಿಸಿದ ಪಕ್ಷೇತರ ಹೆಂಗಸಿನ ಚೀಟಿ ಹಿಡಿದು ವರ್ನಾಳ ಎದುರೇ ನಿಂತೆ.

"ಬಂದ್ಯಾ ಪಕ್ಷಾಂತರಿ? ತಗೋ, ಟೀ ಕುಡಿ," ಎಂದು ಫ್ಲಾಸ್ಕ್ ಚಾಚಿದಳು.

ನಮ್ಮ ಗೇಟಿನಲ್ಲೊಂದು ಪದ್ಧತಿ. ಒಬ್ಬರು ಶೌಚಕ್ಕೆ ಹೋದರೆ ಎದುರಾಳಿಯೇ ಅವರ ಚೀಟಿಯನ್ನೂ ನಿಯತ್ತಾಗಿ ಹಂಚಬೇಕು. ನನ್ನ ಕಟ್ಟನ್ನು ವರ್ನಾಳ ಕೈಗಿಟ್ಟು ಹೋದೆ. ವಾಪಸು ಬಂದಾಗ ಬೇಕರಿಯ ಡೆಸ್ಮಂಡ್ ಎರಡೂ ಚೀಟಿ ಹಿಡಿದು ಕೇಳುತ್ತಿದ್ದ:

"ನಿನ್ ಪಕ್ಷದ ಇವನ್ಯಾರು ವರ್ನಾ? ನಿಮ್ ಶಾಖೆಯೋರು ಆರಿಸಿದ್ದಾ?"

ಅವಳಿಗೆ ಸುಳ್ಳು ಬಾರದು. "ನಾನು ಅವನ ಮುಖಾನೇ ನೋಡಿಲ್ಲ ಕಣೋ. ಆ ಹೆಂಗಸನ್ನ ಊರು ಆರಿಸ್ತು. ಇವನನ್ನ ಯಾರು ಆರಿಸಿದ್ರೋ ನಂಗೊತ್ತಿಲ್ಲ."

ಹೇಳಿಯಾದ ಮೇಲೆ ತನ್ನ ಕೈಯಲ್ಲಿದ್ದ ಚೀಟಿಯನ್ನೇ ತಿರುಗಿಸಿ ನೋಡಿದಳು. ನಾನು ಬೀಗಬೇಕಿತ್ತು, ಬೀಗಲಾಗಲಿಲ್ಲ. "ನಮ್ ಕಡೆ ಬಂದ್ಬಿಡೇ," ಎಂದೆ.

"ಬರಲ್ಲ. ಮನೆ ಸೋರ್ತಿದೆ ಅಂತ ಪಕ್ಕದ್ಮನೇಲಿ ಹೋಗಿ ಮಲಗೋಳಲ್ಲ ನಾನು."

ಸಂಜೆ ಆರರವರೆಗೂ ಹಂಚಿದಳು. ಅವಳ ಪಕ್ಷ ಸೋತಿತು. ಮರುದಿನವೇ ಕೇಂದ್ರ ಕಚೇರಿಗೆ ಬರೆದಳು: ಮುಂದಿನ ಸಲ ಅಭ್ಯರ್ಥಿಯನ್ನು ಊರೇ ಆರಿಸಬೇಕು, ಪಕ್ಷದ ಸದಸ್ಯರೂ ಅಲ್ಲದವರೂ ಸೇರಿ, ಆಗದಿದ್ದರೆ ಗೇಟಿಗೆ ಬೇರೆಯವರನ್ನು ನೋಡಿಕೊಳ್ಳಿ. ಎರಡು ವರ್ಷ ಅವರ ಬೆನ್ನು ಬಿಡಲಿಲ್ಲ. ಬೇರೆ ಯಾರೂ ಸಿಗಲಿಲ್ಲವೋ ಏನೋ, ಕೊನೆಗೆ ಒಪ್ಪಿದರು.

ಅಭ್ಯರ್ಥಿಯನ್ನು ಆರಿಸಲು ಒಂದು ಭಾನುವಾರ ಊರ ಸಭಾಭವನಕ್ಕೆ ತೊಂಬತ್ತಾರು ಜನ ಬಂದು ಮತ ಹಾಕಿದರು. ನಮ್ಮ ಆಸ್ಪತ್ರೆಯ ನರ್ಸ್ ಒಬ್ಬಳ ಪರವಾಗಿ ವರ್ನಾ ತಿಂಗಳುಗಟ್ಟಲೆ ಮನೆಮನೆ ಸುತ್ತಿದ್ದಳು. ಗೆದ್ದದ್ದು ವರ್ನಾಳಿಗೆ ಕಂಡರಾಗದ ಟ್ರಾಕ್ಟರ್ ವ್ಯಾಪಾರಿ, ನಾಲ್ಕೇ ಮತಗಳಿಂದ. ಅವಳು ಕುರ್ಚಿಗಳನ್ನು ಜೋಡಿಸಿಟ್ಟು ಮನೆಗೆ ಹೋದಳು.

ಚುನಾವಣೆಯ ಬೆಳಿಗ್ಗೆ ಬರಲಾರಳೆಂದೇ ಅಂದುಕೊಂಡಿದ್ದೆ. ಎಂಟಕ್ಕೆ ಮೊದಲೇ ಗೇಟಿನಲ್ಲಿದ್ದಳು, ಕೈಯಲ್ಲಿ ಆ ವ್ಯಾಪಾರಿಯದೇ ಚೀಟಿ.

"ಅವನಿಗಾ, ವರ್ನಾ?"

"ಅವತ್ತು ಸಭಾಭವನದಲ್ಲಿ ನಾನು ಇವನಿಗೆ ಹಾಕ್ಲಿಲ್ಲ," ಎಂದಳು. "ಆದ್ರೆ ಇವನನ್ನ ಯಾರು ಆರಿಸಿದ್ರು ಅಂತ ಯಾರಾದ್ರೂ ಕೇಳಿದ್ರೆ, ಈಗ ನಂಗೊತ್ತು, ಹೇಳ್ತೀನಿ."