ದಾರ ಬಿಚ್ಚದ ಡಬ್ಬ

ಕಳೆದ ವಾರ ಅಂಗಡಿಯ ಅಟ್ಟ ಖಾಲಿ ಮಾಡಿಸುವಾಗ ಹಳೇ ಬೆಲ್ಲದ ಪೆಟ್ಟಿಗೆಯ ಹಿಂದೆ ಒಂದು ರಟ್ಟಿನ ಡಬ್ಬ ಸಿಕ್ಕಿತು. ಇಲಿ ಕೊರೆದ ಮೂಲೆಯಿಂದ ಹಳಸಿದ ರಬ್ಬರಿನ ವಾಸನೆ. ನಿರೋಧ್. ಮೇಲೆ ಕಟ್ಟಿದ್ದ ದಾರ ಹಾಗೇ ಇತ್ತು... ಹೂವಿನಕ್ಕ ಎದುರು ಬಂದು ನಿಂತಂತಾಯಿತು.

ತೊಂಬತ್ತರ ದಶಕದ ಕೊನೆ ಇರಬೇಕು. ಹುಡುಗನಾಗಿದ್ದಾಗ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಬುಟ್ಟಿ ಹೊತ್ತವನು ನಾನು. ಆ ಹೊತ್ತಿಗೆ ನರಸೀಪುರದ ರಸ್ತೆಯಲ್ಲಿ ಸ್ವಂತ ದಿನಸಿ ಅಂಗಡಿ ಇಟ್ಟಿದ್ದೆ. ಆಸ್ಪತ್ರೆಯ ಸಿಸ್ಟರು ಡಬ್ಬ ತಂದು, ಕೇಳಿದವರಿಗೆಲ್ಲ ಪುಕ್ಕಟೆ ಕೊಡಿ ಎಂದರು. ಪುಕ್ಕಟೆ ಮಾಲಿನಿಂದ ನನಗೇನು ಲಾಭ? ಚೌಕಾಸಿಗಿಳಿದೆ. ಅಂಗಡಿಯ ಗೋಡೆಗೆ ಸುಣ್ಣ ಹೊಡೆಸಿಕೊಟ್ಟರೆ ಅದರ ಮೇಲೆ ನಿಮ್ಮ ಏಡ್ಸ್ ಬರಹ ಬರೆಸಿಕೊಳ್ಳಿ ಎಂದೆ. ಗೋಡೆ ಬೆಳ್ಳಗಾಯಿತು. ಡಬ್ಬ ಬೆಲ್ಲದ ಹಿಂದೆ ಸೇರಿತು.

ಹೂವಿನಕ್ಕ ಹಿಂದಿನ ಬೀದಿಯವಳು. ದಿನಾ ಬೆಳಿಗ್ಗೆ ಅಂಗಡಿಯ ದೇವರ ಪಟಕ್ಕೆ ಒಂದು ಮೊಳ ಕನಕಾಂಬರ ಕೊಟ್ಟು ಹೋಗುತ್ತಿದ್ದಳು. ಗಂಡ ಲಾರಿ ಡ್ರೈವರು, ತಿಂಗಳಿಗೊಮ್ಮೆ ಮನೆ ಕಂಡರೆ ಹೆಚ್ಚು. ಒಂದು ಸಂಜೆ ಗಿರಾಕಿಗಳ ನಡುವೆ ನುಸುಳಿ ಮೆಲ್ಲಗೆ ಕೇಳಿದಳು.

"ಅಣ್ಣಾ, ಸಿಸ್ಟರು ಕೊಟ್ಟವ್ರಲ್ಲ, ಅದ್ರಲ್ಲಿ ನಾಕು ಕೊಡಿ."

ನಮಗೆಲ್ಲ ನಿರೋಧ್ ಎಂದರೆ ಮಕ್ಕಳಾಗದಿರಲಿಕ್ಕೆ, ಅಷ್ಟೇ. ಗೋಡೆಯ ಮೇಲೆ ಕಾಯಿಲೆಯ ಮಾತಿತ್ತು. ಸುಣ್ಣ ಹೊಡೆಸಿಕೊಂಡ ನಾನು ಅದನ್ನು ಓದಿರಲಿಲ್ಲ.

"ಆಪ್ರೇಸನ್ ಆಗಿ ಮೂರು ವರ್ಸ ಆಯ್ತಲ್ಲವ್ವ, ನಿಂಗ್ಯಾಕೆ?" ಎಂದೆ, ದೊಡ್ಡ ಗಂಟಲಿನಲ್ಲಿ.

ಬೀಡಿ ಕೊಳ್ಳುತ್ತಿದ್ದವನೊಬ್ಬ ಕಿಸಕ್ಕನೆ ನಕ್ಕ. "ಡಾಕ್ಟ್ರು ಹಾಕಿದ ಹೊಲಿಗೆ ಬುಟ್ಕತು ಕಣ್ಲಾ!"

"ಮಕ್ಕಳಿಗಲ್ಲ ಕಣಣ್ಣ... ಅವ್ರು ಲಾರಿಯಿಂದ ಬಂದವ್ರೆ."

"ಅಂಗಾದ್ರೆ ಅವನ್ನೇ ಕಳ್ಸು. ಎಂಗಸ್ರು ಕೇಳೋ ಸಾಮಾನಲ್ಲ."

"ಅವ್ರು ಕೇಳೋರಾಗಿದ್ರೆ ನಾನ್ಯಾಕ್ ಬತ್ತಿದ್ದೆ?"

ಒಂದು ಬೆಂಕಿಪೊಟ್ಟಣ ಕೊಂಡು ಹೋದಳು. ಮತ್ತೆ ಕೇಳಲಿಲ್ಲ. ಸಿಸ್ಟರು ವಿಚಾರಿಸಲು ಬಂದಾಗ, ಯಾರೂ ಕೇಳೋರೇ ಇಲ್ಲ ಎಂದೆ.

ಕೆಲವು ವರ್ಷಕ್ಕೆ ಲಾರಿಯವನು ಕಡ್ಡಿಯಾಗಿ ಸತ್ತ. ಆಮೇಲೆ ಅವಳೂ ಒಣಗತೊಡಗಿದಳು. ಅದೇ ಕಾಯಿಲೆ ಎಂದು ಬೀದಿಗೆಲ್ಲ ಗೊತ್ತಾದ ಮೇಲೆ ಅವಳು ಕಟ್ಟಿದ ಹೂವನ್ನು ಯಾರೂ ಮುಟ್ಟಲಿಲ್ಲ. ನಾನೂ ಪಟಕ್ಕೆ ಬೇರೆಯವಳ ಹೂವು ಗೊತ್ತುಮಾಡಿದೆ. ಅದು ಗೊತ್ತಿದ್ದೂ ಅವಳು ಒಂದು ಬೆಳಿಗ್ಗೆ ಮೊಳ ಹೂವು ಹಿಡಿದು ಬಂದಳು. ಮೆಟ್ಟಿಲು ಹತ್ತಲಿಲ್ಲ, ಗೋಡೆಗೆ, ಆ ಬರಹದ ಮೇಲೆಯೇ ಕೈಯೂರಿ ನಿಂತಿದ್ದಳು... ನಾನು ತಕ್ಕಡಿಯ ಮುಳ್ಳನ್ನೇ ನೋಡುತ್ತ ಕೂತೆ. ಆ ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟಳು.

ಕೊಟ್ಟಿದ್ದರೆ ಅವನು ಬಳಸುತ್ತಿದ್ದನೋ, ಅವಳು ಉಳಿಯುತ್ತಿದ್ದಳೋ... ಹೇಳಲಾರೆ. ಅಂಗಡಿ ಇಡುವವರಿಗೆ ನನ್ನದೊಂದು ಮಾತು: ಇಂಥದ್ದನ್ನು ಕೇಳಿದವರಿಗೆ ಕೊಟ್ಟುಬಿಡಿ. ಯಾಕೆ ಎನ್ನಬೇಡಿ. ಹೆಂಗಸರು ಕೇಳಿದರಂತೂ ಮೊದಲು ಕೊಡಿ.

ಡಬ್ಬ ಎತ್ತಿಕೊಂಡ ಕಸದ ಗಾಡಿಯವನು, "ದಾರನೇ ಬಿಚ್ಚಿಲ್ವಲ್ಲ ಸಾ, ಯಾರಿಗೂ ಬೇಡ್ವಾ ಇದು?" ಎಂದ.

"ಒಬ್ಳು ಕೇಳಿದ್ಲು ಕಣಪ್ಪ... ನಾ ಕೊಡ್ನಿಲ್ಲ" ಎಂದೆ.