ಮಾಳಿಗೆಯ ಮೇಲೆ ಕಾಣದ ಕೆಂಪು ಸೀರೆ

ಮೇ ಹನ್ನೊಂದು, ಭಾನುವಾರ. ಬೆಳಿಗ್ಗೆ ಆರು ಐವತ್ತಕ್ಕೆ ಬರೆಯಲು ಕೂತೆ.

ನಿನ್ನೆ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಒಂದು ಮೂಟೆ ಇಟ್ಟು, ಟಿಕೆಟ್ ತಗೊಳ್ಳಲು ಹಿಂದಕ್ಕೆ ಹೋದರು. ರೇಷ್ಮೆಗೂಡಿನ ಮೂಟೆ. ಹೊಸ ಗೂಡಿಗೆ ಒಂದು ವಾಸನೆ ಇದೆ, ನೀವು ನಮ್ಮ ಹುತ್ತೂರಿನ ಕಡೆಯವರಾದರೆ ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಹೇಳಿದರೂ ತಿಳಿಯದು. ನೆನೆದ ಹುಲ್ಲು, ಸ್ವಲ್ಪ ಹುಳಿ, ಸ್ವಲ್ಪ ಬೆಚ್ಚಗೆ. ಅದು ಮೂಗಿಗೆ ಬಡಿದದ್ದೇ, ನಾನು ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದಿನ ಸ್ಟಾಪಿನಲ್ಲಿ ಇಳಿದೆ. ಅಷ್ಟು ಹೊತ್ತು ನಾನು ಬಸ್ಸಿನಲ್ಲಿರಲಿಲ್ಲ. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ದೊಡ್ಡಗುಟ್ಟವೆಂಬ ಬೆಟ್ಟದ ಮೇಲೆ ಒಂದು ಬಂಡೆಯ ತುದಿಯಲ್ಲಿ ನಿಂತು ನಮ್ಮೂರನ್ನು ನೋಡುತ್ತಿದ್ದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ತಾರೀಖಿನ ಹುಚ್ಚು. ಎಮ್ಮೆ ಕರು ಹಾಕಿದ್ದು, ಬೋರಿನಲ್ಲಿ ನೀರು ನಿಂತದ್ದು, ಅಜ್ಜಿ ಹಲ್ಲು ಕೀಳಿಸಿದ್ದು, ಎಲ್ಲ ಬರೆದಿಡುತ್ತೇನೆ. ಅಪ್ಪನಿಗೆ ತಮ್ಮ ಮದುವೆಯ ತಾರೀಖು ಬೇಕಾದರೆ ಅಮ್ಮನನ್ನು ಕೇಳಲು ಧೈರ್ಯ ಸಾಲದೆ ನನ್ನನ್ನು ಕೇಳುತ್ತಾರೆ. ಹೀಗಾಗಿ ನಾಲ್ಕು ಜನ ಸೇರಿ ಎಲ್ಲಿಗಾದರೂ ಹೊರಟರೆ ಲೆಕ್ಕ ಇಡುವ ಕೆಲಸ ಕೇಳದೆಯೇ ನನ್ನ ಪಾಲಿಗೆ ಬರುತ್ತದೆ.

ಆ ಬೇಸಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಎರಡು ರಾತ್ರಿ ಗುಟ್ಟದ ಮೇಲೆ ಕಳೆದು ಬರಬೇಕೆಂದು ಹಟ ಹಿಡಿದವನು ಹರೀಶ, ನನ್ನ ಸೋದರಮಾವನ ಮಗ. ಅವನ ಹಿಂದೆ ನೆರಳಿನಂತೆ ಅವನ ಗೆಳೆಯ ಗಂಗ. ನಾನು ಬರುತ್ತೇನೆಂದೆ. ನಾನು ಹೋದರೆ ಪವಿತ್ರಳೂ ಬರಬೇಕು. ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಹುಡುಗರು ಹುಡುಗಿಯರು ಕಾಡಿನಲ್ಲಿ ರಾತ್ರಿ ಮಲಗುವುದೆಂದರೆ ಊರು ಸುಮ್ಮನಿರುತ್ತದೆಯೇ? ಆಗ ಹರೀಶನ ಅಮ್ಮ, ನಮ್ಮ ನಾಗತ್ತೆ, "ನಾನೇ ಕರ್ಕೊಂಡು ಹೋಗ್ತೀನಿ" ಎಂದು ಎದ್ದು ನಿಂತರು. ಅವರ ತವರು ಗುಟ್ಟದ ಆಚೆ ಮಗ್ಗುಲು. ಹುಡುಗಿಯಾಗಿದ್ದಾಗ ಅಲ್ಲೇ ಮೇಕೆ ಕಾಯುತ್ತಿದ್ದವರು. ತವರಲ್ಲಿ ತೆಲುಗು, ಇಲ್ಲಿ ಕನ್ನಡ. ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು. ಯಾವುದು ಬಂದಿದೆ ಎಂದು ಮುಖ ನೋಡಿ ತಿಳಿದುಕೊಳ್ಳಬೇಕು.

ಕಷ್ಟ ಇದ್ದದ್ದು ಪವಿತ್ರಳ ಮನೆಯಲ್ಲಿ. ಅವಳಪ್ಪ ಮಾಲೂರಿನ ಹತ್ತಿರ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದು, ಭಾನುವಾರ ಮಾತ್ರ ಊರಿಗೆ ಬರುವವರು. ಹುಳುಮನೆ ನಡೆಸುವುದು ಪವಿತ್ರ ಮತ್ತು ಅವಳಮ್ಮ ಮುನಿರತ್ನಮ್ಮ, ಇಬ್ಬರೇ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ. ನಡುರಾತ್ರಿಯಲ್ಲೂ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಆಮೇಲೆ ಒಂದು ದಿನ ತಿನ್ನುವುದು ನಿಲ್ಲಿಸಿ, ಮೈ ಹಳದಿಯಾಗಿ, ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಗಿಂದಾಗಲೇ ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆ, ಗೋಡೆಯ ಮೇಲೆ, ಸಿಕ್ಕಲ್ಲೇ ನೂಲು ಸುತ್ತಿಕೊಂಡು ಕೂರುತ್ತದೆ. ತಿಂಗಳ ದುಡಿಮೆ ಅರ್ಧ ದಿನದಲ್ಲಿ ಹಾಳು.

"ಭಾನುವಾರಕ್ಕೆ ಹಣ್ಣಾಗ್ತವೆ" ಎಂದರು ಮುನಿರತ್ನಮ್ಮ, ಸೊಪ್ಪು ಕತ್ತರಿಸುವುದನ್ನು ನಿಲ್ಲಿಸದೆ. "ಇವಳು ಶನಿವಾರ ಮಧ್ಯಾಹ್ನ ಮನೇಲಿರಬೇಕು."

"ಇರ್ತಾಳೆ, ನಾನು ಜವಾಬ್ದಾರಿ" ಎಂದರು ನಾಗತ್ತೆ. "ಸೊಪ್ಪು ಹಾಕೋಕೆ ಪಕ್ಕದ ಮನೆಯೋರನ್ನ ಒಂದೆರಡು ದಿನ ಕರೆದುಕೋ."

"ಕರೆದರೆ ಮುಯ್ಯಿ ತೀರಿಸಬೇಡವೇನಕ್ಕ? ನಮ್ಮನೇಲಿ ಆಳೆಲ್ಲಿದ್ದಾರೆ ತೀರಿಸೋಕೆ?"

ಮುಯ್ಯಿ ಎಂದರೆ ಕೈಗೆ ಕೈ. ಇವತ್ತು ನಿಮ್ಮ ಮನೆಯ ಹುಳು ಆರಿಸಲು ನಾನು ಬಂದರೆ, ನಾಳೆ ನಮ್ಮ ಮನೆಯ ರಾಗಿ ಕೊಯ್ಲಿಗೆ ನೀವು ಬರಬೇಕು. ಇಬ್ಬರೇ ಇರುವ ಮನೆಗೆ ಅದು ಭಾರ. ಆದ್ದರಿಂದ ಮುನಿರತ್ನಮ್ಮ ಯಾರನ್ನೂ ಕರೆಯುತ್ತಿರಲಿಲ್ಲ. ಒಮ್ಮೆ ಮುಂಗೈ ಮುರಿದಾಗ ಒಂದೇ ಕೈಯಲ್ಲಿ ಸೊಪ್ಪು ಕೊಯ್ದರಂತೆ, ಪಕ್ಕದ ಹೊಲದಲ್ಲಿ ನಾಲ್ಕು ಜನ ಕೂತು ಎಲೆಅಡಿಕೆ ಹಾಕುತ್ತಿದ್ದಾಗ.

ಕೊನೆಗೆ ಒಂದು ಒಪ್ಪಂದವಾಯಿತು. ಗುಟ್ಟದ ಮೇಲೆ ಫೋನಿಗೆ ಸಿಗ್ನಲ್ ಇಲ್ಲ. ಆದರೆ ಊರು ಕಾಣುತ್ತದೆ. "ಹುಳು ಮುಂಚೇನೇ ಹಣ್ಣಾದ್ರೆ ಮಾಳಿಗೆ ಮೇಲೆ ಕೆಂಪು ಸೀರೆ ಹರಡ್ತೀನಿ" ಎಂದರು ಮುನಿರತ್ನಮ್ಮ. "ಕಂಡ ತಕ್ಷಣ ಇಳಿದುಬಿಡಬೇಕು. ಆಮೇಲೆ ಅಲ್ಲಿ ಇನ್ನೇನೋ ನೋಡ್ಬೇಕಿತ್ತು ಅನ್ನೋ ಹಾಗಿಲ್ಲ." ಸೀರೆ ನೋಡುವ ಕೆಲಸ ಯಾರಿಗೆ ಬಂತೆಂದು ಹೇಳಬೇಕೆ?

ಗುರುವಾರ ಬೆಳಿಗ್ಗೆ ಹೊರಟೆವು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಶ್ರೀನಿವಾಸಪುರದ ನೆಂಟರ ತೋಟದಿಂದ ಬಂದ ಮಾವಿನಕಾಯಿ, ಉಪ್ಪು ಖಾರದ ಪೊಟ್ಟಣ. ಬೇಸಿಗೆಯ ಗುಟ್ಟ ನೀವು ಚಿತ್ರದಲ್ಲಿ ನೋಡುವ ಹಸಿರು ಕಾಡಲ್ಲ. ಬಂಡೆಯ ಮೇಲೆ ಬಂಡೆ, ನಡುವೆ ಲಂಟಾನ, ಎಲೆಯುದುರಿದ ಸೀತಾಫಲ, ಎಲ್ಲೋ ಒಂದು ನವಿಲಿನ ಕೂಗು. ಹರೀಶ ಪ್ರತಿ ಬಂಡೆಯನ್ನೂ ಹತ್ತಿ "ನೋಡ್ರೋ" ಎಂದು ಕೂಗುವುದು, ಇಳಿಯಲಾಗದೆ ಅಲ್ಲೇ ಕೂರುವುದು, ಗಂಗ ಹೋಗಿ ಹೆಗಲು ಕೊಟ್ಟು ಇಳಿಸುವುದು. ಮೂರನೇ ಸಲ ಗಂಗ, "ಲೇ, ಹತ್ತೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಲಾ" ಎಂದ.

ಕತ್ತಲಾಗುವಾಗ ಒಂದು ಚಾಚುಬಂಡೆಯ ಕೆಳಗೆ ಚಾಪೆ ಹಾಸಿದೆವು. "ಕರಡಿ ಬಂದ್ರೆ ಏನಮ್ಮ ಮಾಡೋದು?" ಎಂದು ಹರೀಶ ಕೇಳಿದ. "ದಾರಿ ಬಿಡೋದು. ನಾವೇ ಅದರ ಮನೆಗೆ ಬಂದಿರೋದು ಕಣೋ" ಎಂದರು ನಾಗತ್ತೆ. ಕರಡಿ ಬರಲಿಲ್ಲ, ಸೊಳ್ಳೆ ಬಂತು. ಎಲ್ಲರೂ ಕೈಕಾಲಿಗೆ ಸೊಳ್ಳೆ ಮುಲಾಮು ಬಳಿದುಕೊಂಡೆವು. ಪವಿತ್ರ ಮಾತ್ರ ಬೇಡವೆಂದಳು.

"ಮನೇಲಿ ಹುಳು ಇದೆ ಕಣೇ. ಈ ವಾಸನೆ ಕೈಗೆ ಹತ್ತಿದ್ರೆ ಎಷ್ಟು ತೊಳೆದ್ರೂ ಹೋಗಲ್ಲ. ಮುಟ್ಟಿದ ಹುಳು ಸಾಯ್ತವೆ."

"ನೀನು ಮುಟ್ಟೋದು ಭಾನುವಾರ ತಾನೇ?" ಎಂದೆ.

"ಇರ್ಲಿ" ಎಂದು ಹೊದಿಕೆ ಎಳೆದುಕೊಂಡಳು. ಬೆಳಿಗ್ಗೆ ನೋಡಿದರೆ ಮುಖವೆಲ್ಲ ದದ್ದು.

ಶುಕ್ರವಾರ ಬೆಳಿಗ್ಗೆ ಇನ್ನೊಂದಿಷ್ಟು ಹತ್ತಿ ಬೋಳುಬಂಡೆಯ ತುದಿಗೆ ಬಂದೆವು. ಅಲ್ಲಿಂದ ಊರು ಚೆನ್ನಾಗಿ ಕಾಣುತ್ತದೆ. ಗುಟ್ಟದ ನೆತ್ತಿಯಲ್ಲಿರುವ ದೊಣೆ, ಬೇಸಿಗೆಯಲ್ಲೂ ನೀರಾರದ ಬಂಡೆಯ ಹೊಂಡ, ಅಲ್ಲಿಂದ ಒಂದೂವರೆ ಗಂಟೆಯ ದಾರಿ. ದೊಣೆ ನೋಡಬೇಕೆಂಬುದು ಪವಿತ್ರಳ ಆಸೆ. ಅವಳು ಆ ಪ್ರವಾಸದವರೆಗೆ ಒಂದು ರಾತ್ರಿಯೂ ಮನೆಯಿಂದ ಹೊರಗೆ ಮಲಗಿದವಳಲ್ಲ. ನಾನು ನನ್ನ ಕೆಲಸ ಮಾಡಿದೆ. ನೀಲಿ ನೀರಿನ ಟ್ಯಾಂಕಿನ ಪಕ್ಕದ ಮಾಳಿಗೆ ಹುಡುಕಿ, ಚೆನ್ನಾಗಿ ನೋಡಿ, "ಸೀರೆ ಇಲ್ಲ" ಎಂದು ಸಾರಿದೆ. ತಿರುಗಿ ಹೊರಡಬೇಕು, ಪವಿತ್ರ ಅಲ್ಲೇ ನಿಂತಿದ್ದಳು.

"ಸೀರೆ ಇಲ್ಲ ಕಣೇ" ಎಂದಳು. "ಚಂದ್ರಿಕೆ ಇದೆ."

ನಾನು ಮಾಳಿಗೆಯನ್ನೇ ನೋಡಿದ್ದೆ, ಅಂಗಳ ನೋಡಿರಲಿಲ್ಲ. ಹುಣಸೇಮರದ ನೆರಳಲ್ಲಿ, ಗೋಡೆಗೆ ಒರಗಿಸಿದ, ಮೇಲಿಂದ ಉಗುರಿನಷ್ಟೇ ಕಾಣುವ ಚೌಕಗಳು. ಚಂದ್ರಿಕೆ ಹೊರಗೆ ಬಂದಿದೆ ಎಂದರೆ ಹುಳು ಹಣ್ಣಾಗಿವೆ. ಆ ವಾರದ ಬಿಸಿಲಿಗೆ ಎರಡು ದಿನ ಮುಂಚೆಯೇ. ಅವುಗಳ ನಡುವೆ ಹುಣಸೇಬೀಜದಷ್ಟು ಒಂದೇ ಒಂದು ಆಕೃತಿ ಒಳಗೂ ಹೊರಗೂ ಓಡಾಡುತ್ತಿತ್ತು.

"ಸೀರೆ ಹಾಕಿದ್ರೆ ಇಳಿಬೇಕು ಅಂತ ತಾನೇ ಮಾತು?" ಎಂದ ಹರೀಶ. "ಹಾಕಿಲ್ಲ. ಮಾತು ಅಂದ್ರೆ ಮಾತು."

"ಬಾಯಿ ಮುಚ್ಚೋ" ಎಂದರು ನಾಗತ್ತೆ. "ನಿನ್ನನ್ನ ಕೇಳಿದ್ಯಾರು?"

"ಎಲ್ಲರೂ ಇಳಿಯೋಣ, ನಾವೂ ಆರಿಸ್ತೀವಿ" ಎಂದ ಗಂಗ. ನಾಗತ್ತೆ ಅವನ ಕೈ ಹಿಡಿದು ಅವನದೇ ಮೂಗಿಗೆ ಹಿಡಿದರು. ಮುಲಾಮಿನ ವಾಸನೆ. ನಮ್ಮ ಎಂಟು ಕೈಗಳಲ್ಲಿ ಒಂದೂ ಹುಳುಮನೆಗೆ ಬಾರದು. ಬರುವ ಕೈ ಎರಡೇ ಎರಡು. ಆ ಕೈಗಳು ಆಗಲೇ ಗಂಟು ಕಟ್ಟುತ್ತಿದ್ದವು.

"ಅಮ್ಮಂಗೆ ಸಂಜೆಯಾದ್ರೆ ಹಣ್ಣುಹುಳು ಯಾವುದು, ಹಸಿ ಯಾವುದು ಕಾಣಲ್ಲ" ಎಂದಳು ಪವಿತ್ರ, ಯಾರ ಮುಖವನ್ನೂ ನೋಡದೆ. "ಯಾಕೆ ಹಾಕ್ಲಿಲ್ಲ? ಯಾಕೆ ಹಾಕ್ಲಿಲ್ಲ ಸೀರೆ?"

ಯಾಕೆಂದು ನಮಗೆಲ್ಲ ಗೊತ್ತಿತ್ತು. ನಾಗತ್ತೆ ಸೆರಗು ಬಿಗಿದುಕೊಂಡು, "ಪದಮ್ಮಾ, ನಾನೂ ಬರ್ತೀನಿ" ಎಂದರು. ನಡೆಯಮ್ಮಾ ಎಂಬುದು ಅವರ ಪ್ರೀತಿಯ ತೆಲುಗು. ಹರೀಶ ಮುಖ ಊದಿಸಿಕೊಂಡೇ ತನ್ನ ಚೀಲ ಹೆಗಲಿಗೇರಿಸಿದ. ನಾನು ಕೊನೆಯ ಸಲ ಕೆಳಗೆ ನೋಡಿದೆ.

"ತಡಿ ಪವಿ. ಯಾರೋ ಬಂದ್ರು."

ಹೊಲದ ಕಡೆಯಿಂದ ಇಬ್ಬರು, ತಲೆಯ ಮೇಲೆ ಚಂದ್ರಿಕೆ ಹೊತ್ತು. ಸ್ವಲ್ಪ ಹೊತ್ತಿಗೆ ಬೀದಿಯ ಕಡೆಯಿಂದ ಒಬ್ಬರು, ಬಿಳಿ ಅಂಗಿ. ಮತ್ತೆ ಒಬ್ಬರು, ಗಿಡ್ಡ. ಎಲ್ಲರೂ ಹುಳುಮನೆಯೊಳಗೆ ಹೋದರು. ಚೌಕಗಳು ಒಂದೊಂದಾಗಿ ಒಳಗೆ ಹೋಗಿ, ಒಂದೊಂದಾಗಿ ಹೊರಗೆ ಬಂದು, ನೆರಳಿಗೆ ಒರಗತೊಡಗಿದವು.

ಪವಿತ್ರ ಬಂಡೆಯ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ನೋಡಿದಳು. "ಅಮ್ಮ ಕೇಳಿದ್ದಾಳೆ" ಎಂದಳು. "ಹೋಗಿ ಬಾಯಿಬಿಟ್ಟು ಕೇಳಿದ್ದಾಳೆ ಕಣೇ. ಅತ್ತೆ, ನೀವೂ ನೋಡಿ." ಅಳುತ್ತಿದ್ದಳೋ ನಗುತ್ತಿದ್ದಳೋ, ದದ್ದು ಎದ್ದ ಮುಖದಲ್ಲಿ ತಿಳಿಯಲಿಲ್ಲ.

"ಇಳಿಯೋಣ್ವಾ?" ಎಂದೆ.

"ಬೇಡ. ಈಗ ಇಳಿದ್ರೆ ಅವಳು ಕೇಳಿದ್ದು ದಂಡ ಆಗುತ್ತೆ. ದೊಣೆಗೆ ಹೋಗೋಣ."

ದೊಣೆಯ ಬಗ್ಗೆ ಬರೆಯಲು ನನ್ನ ಹತ್ತಿರ ಬೇಕಾದಷ್ಟಿದೆ. ಉದ್ದ, ಅಗಲ, ಕಪ್ಪೆ, ನೀರಿಗೆ ಬಂದ ಹಕ್ಕಿ. ಆದರೆ ನಡೆದದ್ದು ಇಷ್ಟು. ಪವಿತ್ರ ನೀರಿನಲ್ಲಿ ಮುಖ ತೊಳೆದಳು, ಪಕ್ಕದ ಬಂಡೆಯ ನೆರಳಲ್ಲಿ ಒಂದು ನಿಮಿಷವೆಂದು ಒರಗಿದಳು, ನಿದ್ದೆ ಹೋದಳು. ಎಂಥ ನಿದ್ದೆ! ನೆರಳು ಸರಿಯಿತು, ಏಳಲಿಲ್ಲ. ನಾಗತ್ತೆ ಎರಡು ಕೋಲಿಗೆ ಟವೆಲು ಕಟ್ಟಿ ಬಿಸಿಲಿಗೆ ಮರೆ ಮಾಡಿದರು.

"ಇಷ್ಟು ದೂರ ಬಂದು ನಿದ್ದೆ ಮಾಡ್ತಾಳಲ್ಲಮ್ಮ!" ಎಂದ ಹರೀಶ.

"ಮೆಲ್ಲಗೆ ಮಾತಾಡೋ. ಆ ಮಗು ರಾತ್ರಿ ಪೂರ್ತಿ ಮಲಗಿ ಎಷ್ಟು ದಿನ ಆಯ್ತೋ."

ಅಲ್ಲಿಯವರೆಗೆ ನನಗೆ ಅದು ಹೊಳೆದಿರಲಿಲ್ಲ. ಕ್ಲಾಸಿನಲ್ಲಿ ಅವಳು ತೂಕಡಿಸಿದಾಗಲೆಲ್ಲ ಮೊಣಕೈಯಿಂದ ತಿವಿದು ಎಬ್ಬಿಸಿದ್ದು ನಾನೇ, ದೊಡ್ಡ ಉಪಕಾರವೆಂಬಂತೆ. ಆ ಮಧ್ಯಾಹ್ನ ನಾವು ನಾಲ್ವರೂ ಪಿಸುಮಾತಿನಲ್ಲೇ ಮಾವಿನಕಾಯಿ ತಿಂದೆವು. ಹರೀಶ ಒಂದೂ ಬಂಡೆ ಹತ್ತಲಿಲ್ಲ. ಅವಳು ಎದ್ದಾಗ ಬಿಸಿಲು ಹಳದಿಯಾಗಿತ್ತು. ಸುತ್ತ ನೋಡಿ, "ಸೊಪ್ಪು ಹಾಕಾಯ್ತಾ?" ಎಂದಳು. ಆಮೇಲೆ ತಾನೆಲ್ಲಿದ್ದೇನೆಂದು ನೆನಪಾಗಿ ಮತ್ತೆ ಮಲಗಿದಳು.

ಶನಿವಾರ ಮಧ್ಯಾಹ್ನ ಇಳಿದೆವು. ಮುನಿರತ್ನಮ್ಮ ಬಾಗಿಲಲ್ಲೇ ನಿಂತಿದ್ದರು. ಅಂಗಳದ ತುಂಬ ಚಂದ್ರಿಕೆ, ಚಂದ್ರಿಕೆಯ ತುಂಬ ಗೂಡು.

"ಬಂದ್ರಾ? ನೆನ್ನೆನೇ ಹಣ್ಣಾಗೋದ್ವು ನೋಡು. ಸೀರೆ ಹಾಕೋಣ ಅಂದ್ರೆ ಸೀರೆನೇ ಸಿಗಲಿಲ್ಲ. ಎಲ್ಲಿಟ್ಟಿದ್ದೆನೋ."

ಆ ಕೆಂಪು ಸೀರೆಯನ್ನು ಅವರು ಉಟ್ಟುಕೊಂಡಿದ್ದರು. ನಾಗತ್ತೆ ಕೆಮ್ಮು ಬಂದವರಂತೆ ಆ ಕಡೆ ತಿರುಗಿದರು. ಪವಿತ್ರ ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಹೌದಾ? ಹೋಗ್ಲಿ ಬಿಡಮ್ಮ, ಆಮೇಲೆ ಹುಡುಕೋಣ" ಎಂದು ಒಳಗೆ ಹೋದಳು.

ಬಂದವರು ಯಾರೆಂದು ಮುನಿರತ್ನಮ್ಮನನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. "ಯಾರು ಬಂದಿದ್ರು ದೊಡ್ಡಮ್ಮ?" ಎಂದರೆ, "ನಿನಗ್ಯಾಕೆ, ಬರ್ಕೊಳ್ಳೋಕಾ? ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಕಾಫಿ ಕುಡಿ" ಎನ್ನುತ್ತಾರೆ. ಅಂದರೆ ಹೇಳಬೇಡಿ ಎಂದವರು ಬಂದವರೇ. ಮುಯ್ಯಿ ತೀರಿಸಲು ಆಳಿಲ್ಲದ ಮನೆಯೆಂದು ತಿಳಿದು, ಮುಯ್ಯಿಯೇ ಬೇಡವೆಂದು ಹೆಸರು ಮುಚ್ಚಿಟ್ಟು ಹೋದವರು.

ನಿನ್ನೆ ಬಸ್ಸಿಳಿದು ಮೊದಲು ಪವಿತ್ರಳಿಗೆ ಫೋನು ಮಾಡಿದೆ. ಅವಳು ಈಗ ಮುಳಬಾಗಿಲಿನಲ್ಲಿ ನರ್ಸಿಂಗ್ ಓದುತ್ತಾಳೆ. ರಜೆಗೆ ಬಂದಾಗ ಹುಳುಮನೆ. ಸುಮ್ಮನೆ ಅದೂ ಇದೂ ಮಾತಾಡಿದೆವು. ಇಡುವ ಮುಂಚೆ ಅವಳೇ ಅಂದಳು: "ಅವರು ಯಾರಂತ ಗೊತ್ತಾದ್ರೆ ಹೇಳೇ. ಅಮ್ಮ ಮಾತು ಕೊಟ್ಟಿರೋದು, ನಾನಲ್ಲ."

ಇಷ್ಟು ವರ್ಷ ಆ ಪ್ರವಾಸದ ಪುಟದಲ್ಲಿ "ಹೋದವರು: ಐವರು" ಎಂದಿತ್ತು. ಇವತ್ತು ಬೆಳಿಗ್ಗೆ ಅದರ ಕೆಳಗೆ "ಕಳಿಸಿದವರು" ಎಂದು ಬರೆದು, ಮುನಿರತ್ನಮ್ಮನ ಹೆಸರು ಹಾಕಿ, ಉಳಿದ ಜಾಗ ಬಿಟ್ಟಿದ್ದೇನೆ. ತಲೆಯ ಮೇಲೆ ಚಂದ್ರಿಕೆ ಹೊತ್ತು ಹೊಲದ ಕಡೆಯಿಂದ ಬಂದ ಇಬ್ಬರು, ಬಿಳಿ ಅಂಗಿಯವರೊಬ್ಬರು, ಗಿಡ್ಡನೆಯವರೊಬ್ಬರು. ಮೇಲಿಂದ ನಮಗೆ ಕಂಡದ್ದು ಇಷ್ಟೇ. ಅದು ನೀವಾಗಿದ್ದರೆ, ಅಥವಾ ಅವರನ್ನು ಬಲ್ಲವರಾಗಿದ್ದರೆ, ನನಗೆ ಒಂದು ಸಾಲು ಬರೆಯಿರಿ. ನಿಮ್ಮ ಮನೆಯ ಹುಳು ಯಾವಾಗ ಹಣ್ಣಾಗುತ್ತದೆಂದು ಮಾತ್ರ ತಿಳಿಸಿದರೆ ಸಾಕು. ಒಂದೆರಡು ದಿನ ಮುಂಚೆ ಆಗಿಬಿಟ್ಟರೂ ಚಿಂತೆಯಿಲ್ಲ, ನಾವು ಬರುತ್ತೇವೆ.